ನವೆಂಬರ್ 1ಕ್ಕೆ ಮೊದಲು ಮೂರು ಸಹಿ: ಅಮೆರಿಕದ ಎಂಜಿನಿಯರಿಂಗ್ ಸೀಟಿಗೆ ಅರ್ಲಿ ಡಿಸಿಷನ್ ಅರ್ಜಿ ಹಾಕುವುದು ಹೇಗೆ?

ನಮಗೆ ನವೆಂಬರ್ 1 ಅಂದರೆ ರಾಜ್ಯೋತ್ಸವ. ಕಾಲೇಜಿನಲ್ಲಿ ಬಾವುಟ ಏರಿಸಿ, ಸಿಹಿ ಹಂಚಿ ಮನೆಗೆ ಹೋಗುವ ದಿನ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರ್ಲಿ ಡಿಸಿಷನ್ ಅರ್ಜಿ ಹಾಕುವ ಮಕ್ಕಳಿಗೆ ಹೆಚ್ಚಿನ ಕಡೆ ಅದೇ ಕೊನೆಯ ದಿನ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಈ ಅರ್ಜಿ ಹಿಡಿದು ಸ್ಟಾಫ್ ರೂಮಿಗೆ ಬರುತ್ತಾರೆ. ಬರುವುದು ಅಕ್ಟೋಬರ್ ಕೊನೆಯ ವಾರ! ಆ ಹೊತ್ತಿಗೆ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು: ಏನು ಬರೆದುಕೊಡುತ್ತಿದ್ದೀರಿ ತಿಳಿಯಿರಿ

ಅರ್ಲಿ ಡಿಸಿಷನ್ ಅಂದರೆ ಮಾತು ಕೊಡುವುದು. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಬೇರೆ ಕಡೆ ಹಾಕಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಆ ಒಪ್ಪಂದಕ್ಕೆ ಮೂರು ಸಹಿ ಬೇಕು. ವಿದ್ಯಾರ್ಥಿಯದು, ಅಪ್ಪ ಅಥವಾ ಅಮ್ಮನದು, ಈಗ ಓದುತ್ತಿರುವ ಕಾಲೇಜಿನ ಕೌನ್ಸೆಲರ್, ಅಂದರೆ ಮಕ್ಕಳಿಗೆ ಮಾರ್ಗದರ್ಶನ ಮಾಡುವವರದು. ಹೀಗೆ ಒಂದೇ ಒಂದು ಕಡೆ ಹಾಕಬಹುದು. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಥರ ಸಾಲಾಗಿ ಕಾಲೇಜು ಹಾಕಿ, ಸೀಟು ಬಂದ ಮೇಲೆ ನಾಲ್ಕು ಚಾಯ್ಸ್‌ನಲ್ಲಿ ಒಂದನ್ನು ಆರಿಸುವ ವ್ಯವಸ್ಥೆ ಇಲ್ಲಿಲ್ಲ.

ಅರ್ಲಿ ಆಕ್ಷನ್ ಎಂಬುದು ಬೇರೆ. ಅಲ್ಲೂ ಬೇಗ ಅರ್ಜಿ ಹಾಕಬೇಕು, ಉತ್ತರವೂ ಬೇಗ ಬರುತ್ತದೆ, ಆದರೆ ಸೇರಲೇಬೇಕೆಂಬ ಕಟ್ಟು ಇಲ್ಲ. ಎಂಐಟಿ, ಪರ್ಡ್ಯೂ, ಇಲಿನಾಯ್ ವಿಶ್ವವಿದ್ಯಾಲಯಗಳಲ್ಲಿ ಇರುವುದು ಇದು. ಕಾರ್ನೆಲ್‌ಗೆ ಅರ್ಲಿ ಡಿಸಿಷನ್ ಹಾಕಿದವರು ಇವಕ್ಕೂ ಜೊತೆಯಲ್ಲೇ ಹಾಕಬಹುದು. ಆದರೆ ಸ್ಟ್ಯಾನ್‌ಫರ್ಡ್, ಕ್ಯಾಲ್‌ಟೆಕ್‌ನಂಥವು ತಮ್ಮ ಅರ್ಲಿ ಅರ್ಜಿಗೆ ನಿರ್ಬಂಧ ಹಾಕುತ್ತವೆ. ಕಾರ್ನೆಲ್‌ಗೆ ಮಾತು ಕೊಟ್ಟು ಅಲ್ಲೂ ಅರ್ಲಿ ಹಾಕುವಂತಿಲ್ಲ.

ಅರ್ಲಿಯಲ್ಲಿ ಹಾಕಿದರೆ ಸೀಟು ಸುಲಭ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆಯ್ಕೆಯಾಗುವವರ ಶೇಕಡಾವಾರು ಜಾಸ್ತಿ ಇರುವುದು ನಿಜ. ಆದರೆ ಆ ಲೆಕ್ಕದಲ್ಲಿ ವಿಶ್ವವಿದ್ಯಾಲಯವೇ ಆಟಕ್ಕೆಂದು ಕರೆಸಿಕೊಳ್ಳುವ ಕ್ರೀಡಾಪಟುಗಳೂ ಸೇರಿರುತ್ತಾರೆ. ಆ ಸಂಖ್ಯೆ ನೋಡಿ ನಿರ್ಧಾರ ಮಾಡಬೇಡಿ.

ದುಡ್ಡಿನ ಮಾತು ಆಗಸ್ಟ್‌ನಲ್ಲೇ ಮುಗಿಸಿ

ಈ ಹೆಜ್ಜೆಯನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ. ಮಕ್ಕಳಿಗೆ ಕೇಳಲು ಸಂಕೋಚ, ಅಪ್ಪನಿಗೆ ಹೇಳಲು ಸಂಕೋಚ. ದಯವಿಟ್ಟು ಕೂತು ಮಾತಾಡಿ. ಕಾರ್ನೆಲ್‌ನಲ್ಲಿ ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟುತ್ತದೆ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 76 ಲಕ್ಷದ ಮೇಲಾಯಿತು. ನಾಲ್ಕು ವರ್ಷಕ್ಕೆ 3 ಕೋಟಿಗೂ ಜಾಸ್ತಿ.

ಸಹಾಯಧನ ಇದೆ. ಆದರೆ ಹೊರದೇಶದ ಮಕ್ಕಳ ವಿಷಯದಲ್ಲಿ ಕಾರ್ನೆಲ್ 'ನೀಡ್ ಅವೇರ್'. ಅಂದರೆ ನೀವು ಸಹಾಯಧನ ಕೇಳಿದ್ದೀರೋ ಇಲ್ಲವೋ ಅನ್ನುವುದನ್ನೂ ಆಯ್ಕೆಯ ಹೊತ್ತಿಗೆ ನೋಡುತ್ತಾರೆ. ಹಾಗಂತ ಕೇಳದೆ ಸುಮ್ನೆ ಇದ್ದುಬಿಡಬೇಡಿ. ಸೀಟು ಸಿಕ್ಕ ಮೇಲೆ ಕೇಳೋಣ ಅಂದುಕೊಂಡರೆ ಬಾಗಿಲು ಮುಚ್ಚಿರುತ್ತದೆ. ಬೇಕಿದ್ದರೆ ಅರ್ಜಿಯ ಜೊತೆಗೇ ಸಿಎಸ್ಎಸ್ ಪ್ರೊಫೈಲ್ ಎಂಬ ಫಾರ್ಮ್ ತುಂಬಿ. ಅದಕ್ಕೆ ಅಪ್ಪ ಅಮ್ಮನ ಸಂಬಳದ ಚೀಟಿ, ಐಟಿ ರಿಟರ್ನ್, ಬ್ಯಾಂಕ್ ಬಾಕಿ, ಜಮೀನು, ಸಾಲ ಎಲ್ಲ ಲೆಕ್ಕವೂ ಬೇಕು.

ಕೊಟ್ಟ ಸಹಾಯಧನ ಸಾಲದೆ ಹೋದರೆ ಒಪ್ಪಂದದಿಂದ ಹೊರಬರಬಹುದು, ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಇದನ್ನೇ ನಂಬಿಕೊಂಡು ಸಹಿ ಹಾಕುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ನಾಲ್ಕು ಕಡೆಯ ಸಹಾಯಧನ ಹೋಲಿಸಿ ನೋಡಲೇಬೇಕಾದ ಮನೆಯವರು ಮಾತು ಕೊಡದೆ ಹಾಕುವ ಜನವರಿಯ ರೆಗ್ಯುಲರ್ ಅರ್ಜಿಗೇ ಹೋಗಲಿ. ನನ್ನ ಹತ್ತಿರ ಬರುವ ಹೆಚ್ಚಿನ ಮಕ್ಕಳಿಗೆ ನಾನು ಹೇಳುವುದೂ ಇದನ್ನೇ.

ಕಾಗದ ಪತ್ರ: ದಸರಾ ರಜೆಗೆ ಮೊದಲು

ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆಪ್ ಎಂಬ ವೆಬ್‌ಸೈಟಿನಲ್ಲಿ ಹೊಸ ವರ್ಷದ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಕೌನ್ಸೆಲರ್ ಹೆಸರು ಕೇಳುತ್ತಾರೆ. ನಮ್ಮ ಎಷ್ಟೋ ಪಿಯು ಕಾಲೇಜುಗಳಲ್ಲಿ ಕೌನ್ಸೆಲರ್ ಅಂತ ಯಾರೂ ಇರುವುದಿಲ್ಲ, ಅಲ್ವಾ? ಪ್ರಿನ್ಸಿಪಾಲರನ್ನೋ ಅವರು ಹೇಳಿದ ಲೆಕ್ಚರರನ್ನೋ ಹಾಕಿ. ಅವರ ಇಮೇಲಿಗೆ ಒಂದು ಲಿಂಕ್ ಬರುತ್ತದೆ. ಅಂಕಪಟ್ಟಿ ಅಪ್‌ಲೋಡ್ ಮಾಡುವವರೂ, ಮೂರನೇ ಸಹಿ ಹಾಕುವವರೂ ಅವರೇ.

ಒಮ್ಮೆ ಒಬ್ಬ ಹುಡುಗನ ಲಿಂಕ್ ದಸರಾ ರಜೆಯಲ್ಲಿ ಕಾಲೇಜಿನ ಮೇಲ್‌ಬಾಕ್ಸಿಗೆ ಬಂದು ಬಿದ್ದಿತ್ತು. ಆಫೀಸಿನ ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಆ ಮೇಲ್ ತೆರೆಯುತ್ತಿರಲಿಲ್ಲ. ಪ್ರಿನ್ಸಿಪಾಲರು ಊರಿಗೆ ಹೋಗಿದ್ದರು. ಹುಡುಗ ದಿನಾ ಗೇಟಿನ ತನಕ ಬಂದು ವಾಪಸ್ ಹೋಗುತ್ತಿದ್ದ. ಅದಾದ ಮೇಲೆ ನಾನು ಸೆಪ್ಟೆಂಬರ್ 15ರೊಳಗೆ ಲಿಂಕ್ ಕಳಿಸಿ ಎಂದು ಹಟ ಹಿಡಿಯುತ್ತೇನೆ.

ಒಂಬತ್ತನೇ ತರಗತಿಯಿಂದ ಮೊದಲ ಪಿಯುವರೆಗಿನ ಅಂಕಪಟ್ಟಿ ಬೇಕು. ಒಂಬತ್ತರದು ಹೈಸ್ಕೂಲಿನಲ್ಲಿರುತ್ತದೆ, ಹೋಗಿ ಸೀಲು ಹಾಕಿಸಿಕೊಂಡು ಬನ್ನಿ. ಪಾಠ ಮಾಡಿದ ಇಬ್ಬರು ಮೇಷ್ಟ್ರ ಶಿಫಾರಸು ಪತ್ರ ಬೇಕು. ಒಬ್ಬರು ಗಣಿತದವರಾದರೆ ಒಳ್ಳೆಯದು. ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಓದಿರಲೇಬೇಕು. ಪಿಸಿಎಂ ತೆಗೆದುಕೊಂಡವರಿಗೆ ಅದರ ಚಿಂತೆಯಿಲ್ಲ. 2026ರಲ್ಲಿ ಸೇರುವವರಿಂದ ಎಸ್ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಮತ್ತೆ ಕಡ್ಡಾಯವಾಗಿದೆ. ಆಗಸ್ಟ್‌ನಲ್ಲೇ ಬರೆದುಬಿಡಿ. ಅಂಕ ಸಾಲದಿದ್ದರೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಕೂರಬಹುದು.

ಪ್ರಬಂಧ

ಕಾಮನ್ ಆಪ್‌ನ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ. ಅದಲ್ಲದೆ ಎಂಜಿನಿಯರಿಂಗ್ ಯಾಕೆ, ನಮ್ಮಲ್ಲೇ ಯಾಕೆ ಎಂದು ಕಾರ್ನೆಲ್ ಬೇರೆ ಕೇಳುತ್ತದೆ.

ತಿಪಟೂರು ಕಡೆಯ ಒಬ್ಬಳು ಹುಡುಗಿ ಮೊದಲ ಸಲ ಬರೆದು ತಂದಾಗ 'ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಆಸಕ್ತಿ' ಎಂದು ಶುರು ಮಾಡಿದ್ದಳು. ಓದಿ ಪಕ್ಕಕ್ಕಿಟ್ಟು, "ರಜೆಯಲ್ಲಿ ಮನೇಲಿ ಏನಮ್ಮಾ ಮಾಡ್ತೀಯ?" ಅಂದೆ. ತೋಟದ ಮೋಟರ್ ಎರಡು ಸಲ ಸುಟ್ಟುಹೋಗಿದ್ದನ್ನು ಹೇಳಿದಳು. ತ್ರೀ ಫೇಸ್ ಕರೆಂಟ್ ಬರುತ್ತಿದ್ದುದು ರಾತ್ರಿ. ಅಪ್ಪನ ಜೊತೆ ಟಾರ್ಚ್ ಹಿಡಿದು ಪಂಪ್‌ಹೌಸಿಗೆ ಹೋಗಿ ಸ್ಟಾರ್ಟರ್ ಬಿಚ್ಚಿದರೆ, ಕಾಂಟ್ಯಾಕ್ಟ್ ನಡುವೆ ಹಲ್ಲಿಯೊಂದು ಸಿಕ್ಕಿ ಸುಟ್ಟು ಕರಕಲಾಗಿತ್ತು. ಒಂದು ಫೇಸ್ ಸರಿಯಾಗಿ ಕೂರದೆ ಮೋಟರ್ ಎರಡೇ ಫೇಸಿನಲ್ಲಿ ಓಡಿತ್ತು. ಇವಳು ವೈರ್ ಒಳಹೋಗುವ ತೂತಿಗೆ ಹಳೇ ಟೀ ಸೋಸುವ ಜಾಲರಿ ಕತ್ತರಿಸಿ ಕಟ್ಟಿದ್ದಳು. "ಇದನ್ನೇ ಬರಿ" ಅಂದೆ. "ಇದನ್ನಾ ಸಾರ್?" ಅಂದಳು. ಅದನ್ನೇ ಬರೆದಳು.

'ನಮ್ಮಲ್ಲೇ ಯಾಕೆ' ಅನ್ನುವುದಕ್ಕೂ ಅದೇ ದಾರಿ. ರ‍್ಯಾಂಕಿಂಗ್ ಬರೆಯಬೇಡಿ, ಅದು ಅವರಿಗೆ ಗೊತ್ತು. ಅಲ್ಲಿ ಹೋಗಿ ಏನು ಮಾಡುತ್ತೀರಿ ಹೇಳಿ. ಕಾರ್ನೆಲ್‌ನಲ್ಲಿ 2005ರಲ್ಲಿ ಶುರುವಾದ ಅಗುವಾಕ್ಲಾರಾ ಎಂಬ ತಂಡವಿದೆ. ಕರೆಂಟ್ ಇಲ್ಲದೆ, ನೀರು ಮೇಲಿನಿಂದ ಕೆಳಗೆ ಹರಿಯುವ ಬಲದಲ್ಲೇ ಕುಡಿಯುವ ನೀರು ಶುದ್ಧ ಮಾಡುವ ಘಟಕಗಳನ್ನು ವಿದ್ಯಾರ್ಥಿಗಳು ವಿನ್ಯಾಸ ಮಾಡುತ್ತಾರೆ. ಹೊಂಡುರಾಸ್ ದೇಶದ ಊರುಗಳಲ್ಲಿ ಅವು ನಡೆಯುತ್ತಿವೆ. ರಾತ್ರಿ ಕರೆಂಟಿಗೆ ಕಾದು ನೀರು ಬಿಟ್ಟವಳಿಗೆ ಇದನ್ನು ಓದಿದಾಗ ಏನನ್ನಿಸಿತು ಎಂಬುದೇ ಅವಳ ಎರಡನೇ ಪ್ರಬಂಧವಾಯಿತು.

ಕಳಿಸಿದ ಮೇಲೆ

ಅಕ್ಟೋಬರ್ 25ರೊಳಗೆ ಸಬ್‌ಮಿಟ್ ಒತ್ತಿ, ಪಿಡಿಎಫ್ ಇಳಿಸಿಟ್ಟುಕೊಳ್ಳಿ. ಆಮೇಲೆ ವಿಶ್ವವಿದ್ಯಾಲಯದಿಂದ ಪೋರ್ಟಲ್ ಲಾಗಿನ್ ಬರುತ್ತದೆ. ಯಾವ ಕಾಗದ ತಲುಪಿದೆ, ಯಾವುದು ಬಾಕಿ ಎಂದು ಅದರಲ್ಲಿ ವಾರಕ್ಕೊಮ್ಮೆ ನೋಡಿ.

ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಸೀಟು ಸಿಕ್ಕು ದುಡ್ಡಿನ ಲೆಕ್ಕವೂ ಕೂಡಿಬಂದರೆ ಆ ವಾರವೇ ಬೇರೆ ಅರ್ಜಿಗಳನ್ನು ವಾಪಸ್ ತೆಗೆದುಕೊಳ್ಳಿ. ಸಿಗದಿದ್ದರೆ ಜನವರಿ ಮೊದಲ ವಾರದ ರೆಗ್ಯುಲರ್ ಅರ್ಜಿಗಳಿಗೆ ಉಳಿಯುವುದು ಎರಡು ಮೂರು ವಾರ ಅಷ್ಟೇ. ಬೇಜಾರಿನಲ್ಲಿ ಕೂತು ಪ್ರಬಂಧ ಬರೆಯುವುದು ಬಹಳ ಕಷ್ಟ. ಅದಕ್ಕೇ ಆ ಅರ್ಜಿಗಳನ್ನು ನವೆಂಬರ್‌ನಲ್ಲೇ ಬರೆದಿಟ್ಟುಕೊಂಡಿರಿ. ಸೆಕೆಂಡ್ ಪಿಯು ಪರೀಕ್ಷೆಯ ಓದನ್ನೂ ನಿಲ್ಲಿಸಬೇಡಿ, ಸೀಟು ಕೊಟ್ಟವರು ಕೊನೆಯ ಅಂಕಪಟ್ಟಿಯನ್ನೂ ಕೇಳುತ್ತಾರೆ.