ಅಟ್ಟದಲ್ಲಿ ಸಿಕ್ಕ ಪೋಸ್ಟರ್ ಉಳಿಸಿಕೊಳ್ಳುವುದು ಹೇಗೆ?

ಕಾಸರಗೋಡಿನಲ್ಲಿ ಫಿಲ್ಮ್ ಸೊಸೈಟಿಗೆ ಓಡಾಡಿದವರು ನಿಮ್ಮ ಮನೆಯಲ್ಲಿದ್ದರೆ ಅಟ್ಟ ಒಮ್ಮೆ ನೋಡಿ. ಮಲಯಾಳಂ ನಿರ್ದೇಶಕ ಜಾನ್ ಅಬ್ರಹಾಂ ಅವರ 1986ರ 'ಅಮ್ಮ ಅರಿಯಾನ್' ಚಿತ್ರಕ್ಕೆ ಅವರೂ ಗೆಳೆಯರೂ ಕಟ್ಟಿದ ಒಡೆಸ್ಸಾ ಬಳಗ ಜನರಿಂದಲೇ ದುಡ್ಡು ಎತ್ತಿತ್ತು. ಅಂಥ ಸಿನಿಮಾದ ಪೋಸ್ಟರ್ ಗೋಡೆಗೆ ಅಂಟಿಸಿದ್ದರೆ ಮಳೆಗೆ ಹೋಗಿರುತ್ತದೆ. ಅಂಟಿಸದೆ ಮಡಚಿಟ್ಟದ್ದೇ ಉಳಿದಿರುವುದು.

ಮೊದಲು ಅಸಲಿಯೋ ನಕಲೋ ನೋಡಿ. ಮಡಿಕೆಯ ಗೆರೆ ಮೇಲೆ ಬೆರಳಾಡಿಸಿ. ಕಣ್ಣಿಗೆ ಗೆರೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ ಎಂದರೆ ಅದು ಹಳೆಯ ಪೋಸ್ಟರಿನ ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದು. ಅಸಲಿಯಲ್ಲಿ ಮಡಿಕೆಯ ಉದ್ದಕ್ಕೂ ಬಣ್ಣ ಉದುರಿ ಕಾಗದದ ಬಿಳಿ ಇಣುಕುತ್ತದೆ.

ಬೂಸ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಿಸಿಲಿಗೂ ಇಡಬೇಡಿ, ಬಣ್ಣ ಹೋಗುತ್ತದೆ. ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಲಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಶ್ಶಿನಿಂದ ಹಗುರವಾಗಿ ತಳ್ಳಿ.

ಇನ್ನು ಹರಿದ ಜಾಗ. ದಯವಿಟ್ಟು ಸೆಲೋಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಅದರ ಗೋಂದು ಹಲಸಿನ ಮೇಣದ ಹಾಗೆ ಅಂಟಂಟಾಗಿ, ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಮೊದಲೇ ಹಚ್ಚಿದ್ದರೆ ಎಳೆಯಬೇಡಿ, ಬಣ್ಣವೂ ಜೊತೆಗೇ ಬರುತ್ತದೆ. ಅದು ಕಾಗದ ದುರಸ್ತಿ ಬಲ್ಲವರ ಕೆಲಸ. ಅವರು ತೆಳ್ಳನೆಯ ಜಪಾನಿ ಕಾಗದವನ್ನು ಗೋಧಿ ಗಂಜಿಯಲ್ಲಿ ಹಿಂದಿನಿಂದ ಅಂಟಿಸುತ್ತಾರೆ. ಬೇಕೆಂದಾಗ ನೀರಿನ ತೇವದಲ್ಲಿ ಅದನ್ನು ಬಿಡಿಸಲೂ ಬರುತ್ತದೆ. ಲ್ಯಾಮಿನೇಶನ್ ಹಾಗಲ್ಲ. ಚೆನ್ನಾಗಿರಲಿ ಎಂದು ನಾನೊಮ್ಮೆ ಪೇಟೆಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದಕ್ಕೆ ಕಚ್ಚಿಕೊಂಡಿತು. ಇವತ್ತಿಗೂ ಬಿಡಿಸಲು ಆಗಿಲ್ಲ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಸುರುಳಿ ಸುತ್ತದೆ, ಬಿಡಿಸಿ ಮಟ್ಟಸವಾಗಿ ಇಡಿ. ಮೇಲೆ ಕೆಳಗೆ ಆಮ್ಲವಿಲ್ಲದ ಕಾಗದ ಇರಲಿ. ನ್ಯೂಸ್‌ಪೇಪರ್ ಬೇಡ, ಅದರ ಆಮ್ಲ ಪೋಸ್ಟರಿಗೂ ದಾಟುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈ ಗೊತ್ತೇ ಇದೆ ಅಲ್ವಾ? ಪೆಟ್ಟಿಗೆಯ ಮೂಲೆಯಲ್ಲಿ, ಕಾಗದಕ್ಕೆ ತಾಗದ ಹಾಗೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಮಣ್ಣಿನ ಗೋಡೆಗೆ ತಾಗಿಸಿ ಪೆಟ್ಟಿಗೆ ಇಟ್ಟರೆ ಗೆದ್ದಲು ಬರುವುದು ಖಂಡಿತ.

ಫ್ರೇಮ್ ಹಾಕಿಸುವುದಾದರೆ ಗಾಜು ಪೋಸ್ಟರಿಗೆ ಮುಟ್ಟಬಾರದು, ನಡುವೆ ಸುತ್ತಲೂ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು, ಇರಲಿ. ಬಿಸಿಲು ಬೀಳುವ ಜಗಲಿಯ ಗೋಡೆ ಬಿಟ್ಟು ಒಳಗಿನ ಗೋಡೆಗೆ ಹಾಕಿ.

ಕೊನೆಗೆ ಒಂದು ಚೀಟಿ. ಯಾರ ಮನೆಯಲ್ಲಿ, ಯಾವಾಗ ಸಿಕ್ಕಿತು, ಅವರು ಆ ಸಿನಿಮಾ ಎಲ್ಲಿ ನೋಡಿದ್ದರು, ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆದು ಜೊತೆಗಿಡಿ. ಕೊಟ್ಟ ಹಿರಿಯರು ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಕೇಳಿ ಬನ್ನಿ.