ಮೊದಲು ಬ್ಯಾಟರಿ, ಆಮೇಲೆ ವಿಮಾನ

ಆರ್‌ಸಿ ವಿಮಾನ, ಅಂದರೆ ರಿಮೋಟಿನಿಂದ ಹಾರಿಸುವ ಆಟದ ವಿಮಾನ, ಕಟ್ಟುವವರು ಸಾಮಾನ್ಯವಾಗಿ ರೆಕ್ಕೆ ಕತ್ತರಿಸಿ, ಮೋಟರ್ ಕೂರಿಸಿ, ಉಳಿದ ಸಂದಿಯಲ್ಲಿ ಯಾವ ಬ್ಯಾಟರಿ ಹಿಡಿಸುತ್ತದೆ ಅಂತ ಕೊನೆಗೆ ಹುಡುಕುತ್ತಾರೆ. ಗದಗಿನ ನಮ್ಮ ಮನೆಯಲ್ಲಿ ಕಟ್ಟಿದ ಈ ಸಣ್ಣ ವಿಮಾನಕ್ಕೆ ನಾನು ಬ್ಯಾಟರಿಯ ತೂಕವನ್ನೇ ಮೊದಲು ಗೊತ್ತುಮಾಡಿಕೊಂಡು ಆಮೇಲೆ ಸ್ಕೇಲು, ಪೆನ್ಸಿಲು ಹಿಡಿದೆ.

ರೆಕ್ಕೆ ಫೋಮ್ ಶೀಟಿನದು; ಉದ್ದ 80 ಸೆಂ.ಮೀ., ಅಗಲ 16. ಇಷ್ಟು ರೆಕ್ಕೆಗೆ ಒಟ್ಟು ತೂಕ 220 ಗ್ರಾಂ ದಾಟಿಸಬಾರದು ಅಂತ ಗೆರೆ ಹಾಕಿಕೊಂಡೆ. ಮೋಟರ್, ಇಎಸ್‌ಸಿ (ಮೋಟರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), ರಿಸೀವರ್, 9 ಗ್ರಾಮಿನ ಎರಡು ಸರ್ವೊ (ವಿಮಾನ ತಿರುಗಿಸುವ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರು), ಫೋಮು, ಅಂಟು ಎಲ್ಲ ಕಳೆದ ಮೇಲೆ ಬ್ಯಾಟರಿಗೆ ಉಳಿದದ್ದು 35 ಗ್ರಾಂ.

ಅಲ್ಲಿಗೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯಿತು. ಚಾರ್ಜ್ ಆಗುವ ಎಎ ನಿಕಲ್ ಸೆಲ್ ಒಂದಕ್ಕೆ ಸುಮಾರು 27 ಗ್ರಾಂ, ವೋಲ್ಟು ಬರೀ 1.2. ಆರು ಜೋಡಿಸಿದರೆ 7.2 ವೋಲ್ಟೇನೋ ಆಗುತ್ತದೆ, ತೂಕ 160 ಗ್ರಾಂ! 18650 ಅನ್ನುವ ದುಂಡನೆಯ ಲಿಥಿಯಂ ಸೆಲ್ ಎರಡು ಹಾಕಿದರೂ 90 ಗ್ರಾಂ. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದವು ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಮೋಟರ್ ಒಮ್ಮೆಲೇ ಕರೆಂಟ್ ಎಳೆದರೆ ಅವುಗಳ ವೋಲ್ಟೇಜ್ ಕುಸಿಯುತ್ತದೆ. ಉಳಿದದ್ದು ಎರಡು ಸೆಲ್ಲಿನ, 450 ಎಂಎಎಚ್ (ಮಿಲಿಆಂಪಿಯರ್ ಅವರ್) ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. 7.4 ವೋಲ್ಟ್, ಸುಮಾರು 30 ಗ್ರಾಂ.

ಅದರ ಮೇಲೆ 25ಸಿ ಅಂತ ಬರೆದಿತ್ತು; ಸಿ ಅಂದರೆ ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ. 0.45 ಆಂಪಿಯರ್ ಅವರ್ ಗುಣಿಸು 25 ಅಂದರೆ 11 ಆಂಪಿಯರ್ ಕೊಡಬೇಕು. ಪ್ಯಾಕಿನ ಮೇಲಿನ ಈ ಸಂಖ್ಯೆಯನ್ನು ನಾನು ಅರ್ಧಕ್ಕಷ್ಟೇ ನಂಬುತ್ತೇನೆ. ನನ್ನ ಮೋಟರ್ ಪೂರ್ತಿ ಥ್ರಾಟಲಿನಲ್ಲಿ ಎಳೆಯುವುದು 5 ಆಂಪಿಯರ್, ಹಾಗಾಗಿ ಅರ್ಧ ನಂಬಿದರೂ ಸಾಲುತ್ತದೆ.

"ಮೂರು ಸೆಲ್ಲಿಂದು, ಸಾವಿರ ಎಂಎಎಚ್ ತಗೋ ಮಾರಾಯಾ, ಭಾಳ ಹೊತ್ತು ಹಾರತೈತಿ" ಅಂದ ಹುಬ್ಬಳ್ಳಿಯ ಗೆಳೆಯ.

"ಹಾರೂದು ಹಾರತೈತಿ, ಇಳಸಾವ್ರು ಯಾರು?" ಅಂದೆ ನಾನು.

ಅವನು ಹೇಳಿದ ಪ್ಯಾಕು 85 ಗ್ರಾಮಿನ ಆಸುಪಾಸು. ಒಟ್ಟು ತೂಕ ಕಾಲು ಭಾಗ ಏರುತ್ತದೆ, ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ನೂರಕ್ಕೆ 12ರಷ್ಟು ಏರುತ್ತದೆ. ನಾವು ಇಳಿಸುವುದು ಕಡಲೆ ಕಿತ್ತ ಎರೆ ಹೊಲದಲ್ಲಿ. ಆ ವೇಗದಲ್ಲಿ ಹೆಂಟೆಗೆ ಮೂತಿ ಬಡಿದರೆ ಪ್ರೊಪೆಲರ್ ಹೋಯಿತು ಅಂತಲೇ ತಿಳಿಯಿರಿ. ಮೂತಿ ಗಟ್ಟಿ ಮಾಡಲು ಹೋದರೆ ಮತ್ತೆ ತೂಕ. ಬೇಕಾದರೆ ಸಣ್ಣ ಪ್ಯಾಕು ಇನ್ನೊಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗುವುದೇ ಮೇಲು. ಕಿಸೆಯಲ್ಲಿದ್ದ ಭಾರ ರೆಕ್ಕೆಗೆ ತಾಗುವುದಿಲ್ಲ.

ಬ್ಯಾಟರಿ ಹಗುರಾದರೆ ಇನ್ನೊಂದು ತಕರಾರು ಏಳುತ್ತದೆ: ಬಾಲ ಭಾರವಾಗುತ್ತದೆ. ರೆಕ್ಕೆಯ ಮುಂದಿನ ಅಂಚಿನಿಂದ 4ರಿಂದ 4.5 ಸೆಂ.ಮೀ. ಹಿಂದೆ ಎರಡು ಬೆರಳ ಮೇಲೆ ಇಟ್ಟರೆ ವಿಮಾನ ಸಮ ನಿಲ್ಲಬೇಕು. ಸೀಸದ ತುಂಡು ತುರುಕುವ ಬದಲು ನಕ್ಷೆಯಲ್ಲೇ ಮೂತಿಯನ್ನು 2 ಸೆಂ.ಮೀ. ಉದ್ದ ಮಾಡಿದೆ. ಬ್ಯಾಟರಿಯ ಕೆಳಗೆ ವೆಲ್ಕ್ರೊ ಪಟ್ಟಿ ಇದೆ, ಹಿಂದೆ ಮುಂದೆ ಸರಿಸಬಹುದು.

ಪ್ಯಾಕಿಗೆ ಬಂದದ್ದು ಕೆಂಪು ಜೆಎಸ್‌ಟಿ ಕನೆಕ್ಟರ್. 5 ಆಂಪಿಯರಿಗೆ ಅದು ಬಿಸಿಯಾಗುತ್ತದೆ, ಅದಕ್ಕೇ ಹೆಚ್ಚು ಕರೆಂಟ್ ತಾಳುವ ಎಕ್ಸ್‌ಟಿ30 ಕನೆಕ್ಟರ್ ಹಚ್ಚಿದೆ. ಒಂದು ವೈರು ಕತ್ತರಿಸಿ, ಬೆಸುಗೆ ಹಾಕಿ, ಅದರ ಮೇಲೆ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ವೈರಿಗೆ ಅಂಟುವ ಕೊಳವೆ) ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯಲ್ಲೇ ಶಾರ್ಟ್ ಆಗುತ್ತದೆ.

ಬೆಳಗಿನ ಜಾವ ಗಾಳಿ ಏಳುವ ಮುಂಚೆ ಹಾರಿಸಿದರೆ ಸರಾಸರಿ ಎರಡೂವರೆ ಆಂಪಿಯರ್ ಹೋಗುತ್ತದೆ. ನೂರಕ್ಕೆ 80ರಷ್ಟು ಮಾತ್ರ ಬಳಸುವ ಲೆಕ್ಕದಲ್ಲಿ 8 ನಿಮಿಷ ಚಿಲ್ಲರೆ. ನಾನು ಟೈಮರನ್ನು 7ಕ್ಕೇ ಇಡುತ್ತೇನೆ. ಆಷಾಢದಲ್ಲಿ ಪೆಟ್ಟಿಗೆ ತೆಗೆಯುವುದೇ ಇಲ್ಲ. ಗದಗ ಸೀಮೆಯಲ್ಲಿ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಹುಬ್ಬಳ್ಳಿ ಕಡೆಯವರು ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ದೂರ ಬಂದೇ ಹಾರಿಸಬೇಕು.

ಚಾರ್ಜಿಂಗ್ 0.45 ಆಂಪಿಯರಿನಲ್ಲಿ, ಎರಡೂ ಸೆಲ್ಲನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಿಂದ, ಕಡಪಾ ಕಲ್ಲಿನ ಮೇಲೆ, ಮಂದಿ ಎದುರಿಗಿದ್ದಾಗ ಮಾತ್ರ. ವಾರಗಟ್ಟಲೆ ಹಾರಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟ್ ಇಟ್ಟು ತಂಪು ಜಾಗದಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಅಂತೂ ಬೇಡ. ಉಬ್ಬಿದ ಪ್ಯಾಕನ್ನು ಮತ್ತೆ ಚಾರ್ಜರಿಗೆ ಹಚ್ಚಲೇಬೇಡಿ, ಎಷ್ಟೇ ದುಡ್ಡು ಕೊಟ್ಟಿರಲಿ.