ಹಿದುಕಿದ ಬೇಳೆ ಸಾರು, ಬಿಸಿ ಹಿಟ್ಟು: ಚಳಿಗಾಲದ ರಾತ್ರಿ ಊಟ ಹೀಗೆ

ಸಾರು ಊಟದ ಹೊತ್ತಿಗಾಗಿ ಕಾಯುತ್ತದೆ; ಹಿಟ್ಟು, ಎಂದರೆ ರಾಗಿ ಮುದ್ದೆ, ಕಾಯುವುದಿಲ್ಲ. ಅವರೆಕಾಳನ್ನು ನೆನೆಸಿ, ಸಿಪ್ಪೆ ಬಿಡಿಸಿ ಮಾಡುವ ಹಿದುಕಿದ ಬೇಳೆ ಸಾರು ಒಲೆಯಿಂದ ಇಳಿದು ಒಂದು ಗಂಟೆ ಮುಚ್ಚಿಕೊಂಡು ಕೂತರೆ ಉಪ್ಪು, ಖಾರ ಕಾಳಿಗೆ ಹಿಡಿದು ಇನ್ನಷ್ಟು ರುಚಿಯಾಗುತ್ತದೆ. ಮುದ್ದೆ ಹಾಗಲ್ಲ. ಮೈಸೂರು, ಮಂಡ್ಯ ಕಡೆ ಡಿಸೆಂಬರ್, ಜನವರಿಯ ರಾತ್ರಿ ಅಡುಗೆಮನೆಯ ಸ್ಟೀಲ್ ತಟ್ಟೆಯೇ ತಣ್ಣಗೆ ಕೊರೆಯುತ್ತಿರುತ್ತದೆ. ಅದರ ಮೇಲೆ ಬಿದ್ದ ಮುದ್ದೆ ಹತ್ತೇ ನಿಮಿಷದಲ್ಲಿ ಮೈಮೇಲೆ ಸಿಪ್ಪೆ ಕಟ್ಟಿ, ಮುರಿದರೆ ಬಿರುಕು ಬಿಟ್ಟು, ಗಂಟಲಲ್ಲಿ ಜಗ್ಗುತ್ತದೆ. ಆದ್ದರಿಂದ ಚಳಿಗಾಲದ ಅಡುಗೆಯ ಲೆಕ್ಕವನ್ನು ಊಟದ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು. ಎಂಟೂಕಾಲಕ್ಕೆ ಎಲೆ ಹಾಕುವುದಾದರೆ ಮುದ್ದೆಗೆ ಎಸರು ಇಡುವುದು ಏಳು ಮುಕ್ಕಾಲಕ್ಕೆ. ಅಷ್ಟರಲ್ಲಿ ಸಾರು ಕುದಿದು ಇಳಿದಿರಬೇಕು. ಬೇಳೆ ಹಿದುಕಲು ಕೂರುವುದು ಆರಕ್ಕೆ. ಕಾಳು ನೆನೆಹಾಕುವುದು ಬೆಳಿಗ್ಗೆಯೇ.

ಕೆಳಗಿನ ಅಳತೆಗಳೆಲ್ಲ ನಾಲ್ಕು ಜನಕ್ಕೆ. ಕಪ್ ಎಂದರೆ 240 ಮಿ.ಲೀ.

ಕಾಯಿ ಆರಿಸುವುದು

ನಾಡ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಬೆಳೆ. ಅದಕ್ಕೇ ಕಾಯಿ ಚಳಿಗೆ ಸರಿಯಾಗಿ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ‘ಹೆಬ್ಬಾಳ ಅವರೆ’ ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಸಾರಿಗೆ ಅವೂ ನಡೆಯುತ್ತವೆ, ಆದರೆ ಸೊಗಡು ಬೇಕೆಂದರೆ ಚಳಿಗಾಲದ ಕಾಯಿಯೇ ಸೈ. ಇಬ್ಬನಿ ಬಿದ್ದಷ್ಟೂ ಸೊಗಡು ಎನ್ನುವುದು ಹೊಲದವರ ಮಾತು.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ, ಮಂಡ್ಯದ ಸಂತೆಯಲ್ಲಾಗಲಿ, ರಾಶಿಯಿಂದ ನಾಲ್ಕು ಕಾಯಿ ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿ. ಕೈಗೆ ಅಂಟಂಟು ಎಣ್ಣೆಯಂತೆ ಹತ್ತಿ, ಘಮ ಮೂಗಿಗೆ ಹೊಡೆದರೆ ಸೊಗಡಿನ ಕಾಯಿ. ತೊಳೆದು ಮಿಂಚಿಸಿ ಇಟ್ಟ ಕಾಯಿಯಲ್ಲಿ ಅದು ಸಿಗುವುದಿಲ್ಲ. ಸಣ್ಣ ತೂತಿರುವ ಕಾಯಿ ಬಿಡಿ, ಒಳಗೆ ಹುಳ ಇರುತ್ತದೆ. ಹಿದುಕುವುದಕ್ಕೆ ಕಾಳು ಉಬ್ಬಿ ತುಂಬಿಕೊಂಡ ಕಾಯಿಯೇ ಆಗಬೇಕು. ಎಳೆ ಕಾಳು ಹಿದುಕಿದರೆ ಜಜ್ಜಿಹೋಗುತ್ತದೆ. ಬಲಿತು ಹಳದಿಗೆ ತಿರುಗಿದ ಕಾಳಿನ ಸಿಪ್ಪೆ ಬಿಡುವುದೇ ಇಲ್ಲ. ಒಂದೂವರೆ ಕೆ.ಜಿ. ಕಾಯಿ ಸುಲಿದರೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಕಾಳು. ಸುಲಿದ ಕಾಳನ್ನೇ ಕೊಂಡರೆ ಕೆಲಸ ಉಳಿಯುತ್ತದೆ, ಆದರೆ ಬೆಳಿಗ್ಗೆ ಸುಲಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಾಳು ಸಂಜೆಗೆ ಬೆವರಿ ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಮೂಸಿ ನೋಡಿಯೇ ಕೊಳ್ಳಿ.

ನೆನೆಸಿ ಹಿದುಕುವುದು

ಬೇಸಿಗೆಯಲ್ಲಾದರೆ ನಾಲ್ಕು ಗಂಟೆ ನೆನೆದರೆ ಸಾಕು. ಚಳಿಯಲ್ಲಿ ತೊಟ್ಟಿಯ ನೀರು ತಣ್ಣಗಿರುವುದರಿಂದ ಕಾಳು ನೀರು ಕುಡಿಯುವುದು ನಿಧಾನ. ಏಳೆಂಟು ಗಂಟೆ ಬೇಕು. ಬೆಳಿಗ್ಗೆ ಮರೆತಿದ್ದರೆ ಉಗುರುಬೆಚ್ಚಗಿನ ನೀರು ಹಾಕಿ ಮೂರು ಗಂಟೆ ಮುಚ್ಚಿಡಿ. ಕುದಿಯುವ ನೀರು ಸುರಿಯುವ ಅಡ್ಡದಾರಿ ಬೇಡ. ಹೊರಗಿನ ಸಿಪ್ಪೆಯೊಂದಿಗೆ ಒಳಗಿನ ಬೇಳೆಯೂ ಅರೆಬೆಂದು, ಹಿದುಕಿದಾಗ ಎರಡೂ ಅಂಟಿಕೊಂಡು ಮುದ್ದೆಯಾಗುತ್ತವೆ.

ಕಾಳಿನ ಒಂದು ಅಂಚಿನಲ್ಲಿ ಬಿಳಿ ಗೆರೆ ಇದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ. ಆ ಗೆರೆ ಹೊರಮುಖವಾಗುವಂತೆ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಹಿಂದಿನ ತುದಿಯಲ್ಲಿ ಒತ್ತಿ. ಬೇಳೆ ‘ಪಟಕ್’ ಎಂದು ಮುಂದಕ್ಕೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನಡುವೆ ಒತ್ತಿದರೆ ಬೇಳೆ ಎರಡು ಹೋಳಾಗಿ ಸಾರಿನಲ್ಲಿ ಕರಗಿಹೋಗುತ್ತದೆ. ಪಾತ್ರೆಯನ್ನು ಮೊಣಕಾಲಿನ ಹತ್ತಿರ ಇಟ್ಟುಕೊಂಡು ಅದರೊಳಕ್ಕೇ ಗುರಿಯಿಡಿ, ಇಲ್ಲವಾದರೆ ಅರ್ಧ ಬೇಳೆ ಸೋಫಾದ ಕೆಳಗೆ. ಅರ್ಧ ಕೆ.ಜಿ. ಕಾಳಿಗೆ ಒಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಳೆಯದಾಗಿ ಹಿದುಕಲು ಬಾರದ ಕಾಳು ಸಿಪ್ಪೆಸಮೇತ ಸಾರಿಗೇ ಹೋಗಲಿ. ಸಿಪ್ಪೆ ಹಸುವಿಗೆ.

ಸಾರು

ರುಬ್ಬಲು: ಧನಿಯ 2 ಚಮಚ, ಬ್ಯಾಡಗಿ ಮೆಣಸಿನಕಾಯಿ 5, ಗುಂಟೂರು 3, ಚಕ್ಕೆ ಅರ್ಧ ಬೆರಳು, ಲವಂಗ 2, ಗಸಗಸೆ 1 ಚಮಚ, ಇಷ್ಟನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದುಕೊಳ್ಳಿ. ಜೊತೆಗೆ ಅರ್ಧ ಕಪ್ ತೆಂಗಿನ ತುರಿ, ಅರ್ಧ ಈರುಳ್ಳಿ, ಬೆಳ್ಳುಳ್ಳಿ 8 ಎಸಳು, ಶುಂಠಿ ಒಂದು ಇಂಚು, ಒಂದು ಹಿಡಿ ಕೊತ್ತಂಬರಿ ಸೊಪ್ಪು. ನುಣ್ಣಗೆ ರುಬ್ಬಿ. ಲವಂಗ ಎರಡಕ್ಕೆ ನಿಲ್ಲಿಸಿ. ನಾಲ್ಕು ಹಾಕಿದರೆ ಸಾರು ಮಾಂಸದ ಸಾರಿನ ಘಮ ಕೊಡುತ್ತದೆ, ನಿಜ. ಆದರೆ ಹಣ ಕೊಟ್ಟು ತಂದ ಸೊಗಡು ಅದರಡಿ ಹೂತುಹೋಗುತ್ತದೆ. ಅವರೆ ಸಾರಿಗೆ ಮಸಾಲೆ ಹೆಚ್ಚಾಗುವುದೇ ಈಗಿನ ದೊಡ್ಡ ತಪ್ಪು.

ದಪ್ಪ ತಳದ ಪಾತ್ರೆಗೆ 2 ದೊಡ್ಡ ಚಮಚ ಎಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಒಂದು ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಬೇಳೆ, ಕಾಲು ಚಮಚ ಅರಿಸಿನ ಹಾಕಿ ಮೂರು ನಿಮಿಷ ಮೆಲ್ಲಗೆ ಕೈಯಾಡಿಸಿ. 4 ಕಪ್ ಬಿಸಿನೀರು ಸುರಿಯಿರಿ. ಕುದಿ ಬಂದಾಗ ನೊರೆ ಉಕ್ಕುತ್ತದೆ, ಪೂರ್ತಿ ಮುಚ್ಚಬೇಡಿ. ಬೇಳೆ 10ರಿಂದ 12 ನಿಮಿಷಕ್ಕೆ ಬೇಯುತ್ತದೆ: ಎರಡು ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಡೆಯಬೇಕು, ಒತ್ತದಿದ್ದರೆ ಇಡಿಯಾಗಿ ಉಳಿಯಬೇಕು. ಕುಕ್ಕರ್ ಬೇಡವೇ ಬೇಡ. ಒಂದು ಸೀಟಿಗೇ ಸಿಪ್ಪೆಯಿಲ್ಲದ ಬೇಳೆ ಗಂಜಿಯಾಗುತ್ತದೆ.

ಬೇಳೆ ಬೆಂದ ಮೇಲೆಯೇ ಹೆಚ್ಚಿದ 2 ಟೊಮೆಟೊ. ಮೊದಲೇ ಹಾಕಿದರೆ ಹುಳಿ ಕಾಳಿನ ಮೈ ಬಿಗಿಹಿಡಿದು, ಅರ್ಧ ಗಂಟೆ ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಗಡಸು ನೀರಿನ ಕಾಟವೂ ಇದೇ ತೆರನಾದ್ದು. ಬೋರ್‌ವೆಲ್ ನೀರಿನಲ್ಲಿ ಕಾಳು ಬೇಯದೆ ಸತಾಯಿಸಿದರೆ ಕಾಳಿನ ಮೇಲೆ ಗೂಬೆ ಕೂರಿಸಬೇಡಿ, ಒಮ್ಮೆ ಕಾವೇರಿ ನೀರಿನಲ್ಲಿ ಬೇಯಿಸಿ ನೋಡಿ. ಟೊಮೆಟೊ ಕರಗಿದ ಮೇಲೆ ರುಬ್ಬಿದ್ದು, ಎರಡು ಚಮಚ ಉಪ್ಪು, ಒಂದು ಹಿಡಿ ಹೆಚ್ಚಿದ ಸಬ್ಬಸಿಗೆ ಸೊಪ್ಪು. ಸಣ್ಣ ಉರಿಯಲ್ಲಿ ಎಂಟು ನಿಮಿಷ ಕುದಿದರೆ ಹಸಿವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ತೇಲುತ್ತದೆ. ಅಲ್ಲಿಗೆ ಇಳಿಸಿ, ಮುಚ್ಚಿ. ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿದರೆ ತೆಂಗಿನಕಾಯಿ ಒಡೆದು ಸಾರು ನೀರು ಬೇರೆ, ಚರಟ ಬೇರೆ ಆಗುತ್ತದೆ. ಈರನಗೆರೆ ಬದನೆ ಸಿಕ್ಕಿದ್ದರೆ ಎರಡನ್ನು ಹೋಳು ಮಾಡಿ ಬೇಳೆ ಅರ್ಧ ಬೆಂದಾಗ ಸೇರಿಸಬಹುದು. ಆಲೂಗಡ್ಡೆ ಹಾಕುವವರೂ ಇದ್ದಾರೆ; ಹಾಕಲಿ.

ಹಿಟ್ಟು ತೊಳಸುವುದು

ಮಂಡ್ಯದ ಹಳ್ಳಿಗಳಲ್ಲಿ ಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ‘ಹಿಟ್ ಉಂಡ್ರಾ?’ ಅಂದರೆ ಊಟ ಆಯಿತೇ ಎಂದರ್ಥ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ತಂದು ‘ರಾಗಿ ಲಕ್ಷ್ಮಣಯ್ಯ’ ಎನಿಸಿಕೊಂಡರು. ಅಂಥ ಊರಲ್ಲಿ ಗಂಟು ಬಿದ್ದ ಮುದ್ದೆ ಬಡಿಸಿದರೆ ಮಾತು ಬರುವುದು ಸಹಜ.

ರಾಗಿ ಹಿಟ್ಟು 2½ ಕಪ್, ನೀರು 4 ಕಪ್. ಹಿಟ್ಟಿನಿಂದ ಹಿಟ್ಟಿಗೆ ನೀರು ಹೀರುವುದು ಬೇರೆಯಾಗುತ್ತದೆ, ಹೊಸ ಗಿರಣಿ ಹಿಟ್ಟಾದರೆ ಅರ್ಧ ಕಪ್ ಕುದಿನೀರು ಪಕ್ಕದಲ್ಲಿ ಇರಲಿ.

ಮೊದಲು ಒಂದು ದೊಡ್ಡ ಚಮಚ ಹಿಟ್ಟನ್ನು ಅರ್ಧ ಕಪ್ ತಣ್ಣೀರಲ್ಲಿ ಕದಡಿ. ಉಳಿದ ಮೂರೂವರೆ ಕಪ್ ನೀರನ್ನು ಒಲೆಗಿಟ್ಟು, ಬಿಸಿಯಾಗುತ್ತಿದ್ದಂತೆ ಇದನ್ನು ಸುರಿದು ಕೈಯಾಡಿಸಿ. ಎಸರು ತುಸು ಮಂದವಾಗುತ್ತದೆ. ಇದನ್ನು ಬಿಟ್ಟು ಬರಿ ನೀರಿಗೆ ಹಿಟ್ಟು ಸುರಿದರೆ ಗಂಟಿನ ಹೊರಮೈ ಬೆಂದು ಒಳಗಿನ ಪುಡಿಗೆ ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ಎಷ್ಟು ತೊಳಸಿದರೂ ಆ ಗಂಟು ಒಡೆಯದು. ಒಂದು ಹಿಡಿ ಅನ್ನ ಎಸರಿಗೆ ಹಾಕುವ ಮನೆಗಳಿವೆ; ಮುದ್ದೆ ಮೆದುವಾಗುತ್ತದೆ, ಮಕ್ಕಳಿಗೆ ನುಂಗಲು ಸಲೀಸು. ಉಪ್ಪು ಅರ್ಧ ಚಮಚ, ಬೇಕಾದರೆ.

ಎಸರು ಉಕ್ಕಿ ಮೇಲೆ ಬಂದಾಗ ಹಿಟ್ಟನ್ನೆಲ್ಲ ನಡುಮಧ್ಯಕ್ಕೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಹಿಟ್ಟಿನ ಕೋಲನ್ನು ಗುಡ್ಡೆಯ ನೆತ್ತಿಯಿಂದ ತಳದವರೆಗೆ ಇಳಿಸಿ ಒಂದು ತೂತು ಮಾಡಿ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ. ಆ ತೂತಿನಿಂದ ಎಸರು ಬುಗುಬುಗು ಎದ್ದು ಗುಡ್ಡೆಯ ಮೈಮೇಲೆ ಹರಿಯಬೇಕು, ಒಣಗಿದ ಬೂದುಬಣ್ಣ ಹೋಗಿ ಹಿಟ್ಟು ಗಾಢ ಕಂದಾಗಬೇಕು. ಈ ಹೊತ್ತಿನಲ್ಲಿ ಅವಸರ ಮಾಡಿದವರಿಗೇ ಹಸಿಹಿಟ್ಟಿನ ರುಚಿ ಬರುವುದು, ಬೆರಳಿಗೆ ಮೆತ್ತುವುದು. ರಾಗಿಗೆ ಗೋಧಿಯ ಹಾಗೆ ನಾದಿ ಕಟ್ಟುವ ಜಿಗುಟಿಲ್ಲ. ಮುದ್ದೆ ನಿಲ್ಲುವುದು ಪಿಷ್ಟ ನೀರು ಕುಡಿದು ಬೆಂದಾಗ ಮಾತ್ರ.

ಪಾತ್ರೆ ಇಳಿಸಿ. ಮೇಲೆ ನಿಂತ ಎಸರನ್ನು ಒಂದು ಬಟ್ಟಲಿಗೆ ಬಗ್ಗಿಸಿಕೊಳ್ಳಿ, ಚೆಲ್ಲಬೇಡಿ. ಪಾತ್ರೆಯನ್ನು ಕವೆಗೋಲಿಗೋ, ದಪ್ಪ ಬಟ್ಟೆ ಸುತ್ತಿದ ಕಾಲಿಗೋ ಒತ್ತಿ ಹಿಡಿದು, ಕೋಲಿನಿಂದ ಹಿಟ್ಟನ್ನು ಪಾತ್ರೆಯ ಗೋಡೆಗೆ ಅದುಮಿ ಉಜ್ಜುತ್ತಾ ತೊಳಸಿ. ಸುಮ್ಮನೆ ಸುತ್ತ ತಿರುಗಿಸಿದರೆ ಗಂಟೂ ಜೊತೆಯಲ್ಲೇ ಸುತ್ತು ಹೊಡೆಯುತ್ತದೆ. ಗೋಡೆಗೆ ಅದುಮಿದರೆ ಒಡೆಯುತ್ತದೆ. ಗಟ್ಟಿಯೆನಿಸಿದರೆ ಬಗ್ಗಿಸಿಟ್ಟ ಎಸರನ್ನು ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ತಣ್ಣೀರು ಬಿತ್ತೋ, ಕೆಟ್ಟಿತು: ಒಂದು ಕಡೆ ಲೋಳೆ, ಒಂದು ಕಡೆ ಕಲ್ಲು.

ಹದವಾದ ಮೇಲೆ ಎರಡು ಚಮಚ ಎಸರು ಅಂಚಿಗೆ ಚಿಮುಕಿಸಿ, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಹಬೆಯಾಡಲಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಒದ್ದೆ ಮಾಡಿದ ಮರಿಗೆಗೋ ಮಣೆಗೋ ಹಾಕಿ, ಕೈ ನೀರಲ್ಲಿ ಅದ್ದಿಕೊಂಡು, ನಾಲ್ಕು ಪಾಲು ಮಾಡಿ ಉಂಡೆ ಕಟ್ಟಿ. ಬಡಿಸುವ ತಟ್ಟೆಗಳನ್ನು ಅಷ್ಟರಲ್ಲಿ ಬಿಸಿನೀರಿನಲ್ಲಿ ಅಲುಬಿಟ್ಟರೆ ಮುದ್ದೆಯ ಬಿಸಿ ಇನ್ನೊಂದು ಹತ್ತು ನಿಮಿಷ ಉಳಿಯುತ್ತದೆ. ತಡವಾಗಿ ಬರುವವರ ಪಾಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಟ್‌ಬಾಕ್ಸಿಗೆ ಹಾಕಿ. ಬರಿಮೈಯಲ್ಲಿ ಇಟ್ಟರೆ ಒಣಗಿ ಬಿರಿಯುತ್ತದೆ. ಈ ಚಳಿಗೆ ತುಪ್ಪ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಕರಗಿಸುವ ಗೋಜು ಬೇಡ. ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ಒಂದು ಚಮಚ ಹಾಕಿದರೆ ತಾನೇ ಕರಗುತ್ತದೆ.

ಹಿದುಕಲು ಪುರುಸೊತ್ತಿಲ್ಲದ ದಿನ: ಉಪ್ಸಾರು

ವಾರವೆಲ್ಲ ಬೇಳೆ ಹಿದುಕುತ್ತಾ ಕೂರಲು ಯಾರಿಗಾಗುತ್ತದೆ? ಅದೇ ಕಾಳಿನಲ್ಲಿ ಒಂದು ಕಪ್ ತೆಗೆದಿಟ್ಟುಕೊಂಡು, ದಂಟೋ ಕೀರೆಯೋ ಎರಡು ಕಟ್ಟು ಸೊಪ್ಪು ತಂದರೆ ಮುಕ್ಕಾಲು ಗಂಟೆಯ ಅಡುಗೆ.

6 ಕಪ್ ನೀರಲ್ಲಿ ಕಾಳನ್ನು 15 ನಿಮಿಷ ಬೇಯಿಸಿ. ಒಂದೂವರೆ ಚಮಚ ಉಪ್ಪು, ಹೆಚ್ಚಿದ ಸೊಪ್ಪು ಹಾಕಿ ಮುಚ್ಚದೆ ಐದು ನಿಮಿಷ. ಮುಚ್ಚಿ ಬೇಯಿಸಿದರೆ ಸೊಪ್ಪಿನ ಹುಳಿ ಹಬೆಯಲ್ಲಿ ಹೊರಹೋಗದೆ ಒಳಗೇ ಉಳಿದು ಹಸಿರನ್ನು ಕಂದು ಮಾಡುತ್ತದೆ. ಬಸಿದರೆ ಸುಮಾರು 4 ಕಪ್ ಕಟ್ಟು, ಎಂದರೆ ಬಸಿದ ನೀರು, ಸಿಗಬೇಕು. ಇದೇ ಸಾರು, ಒಗ್ಗರಣೆ ಇಲ್ಲ, ಪುಡಿ ಇಲ್ಲ.

ರುಚಿಯೆಲ್ಲ ಖಾರದಲ್ಲಿದೆ. ಹಸಿಮೆಣಸಿನಕಾಯಿ 10 ಅಥವಾ ಒಣಮೆಣಸಿನಕಾಯಿ 8 ಹಂಚಿನ ಮೇಲೆ ಕಪ್ಪು ಚುಕ್ಕೆ ಬೀಳುವಷ್ಟು ಸುಟ್ಟು, ಬೆಳ್ಳುಳ್ಳಿ 10 ಎಸಳು, ಜೀರಿಗೆ 1 ಚಮಚ, ಕರಿಮೆಣಸು ಅರ್ಧ ಚಮಚ, ಗೋಲಿಯಷ್ಟು ಹುಣಸೆ, ಮುಕ್ಕಾಲು ಚಮಚ ಉಪ್ಪು, ಕೊತ್ತಂಬರಿ ಸೇರಿಸಿ, ಎರಡೇ ಚಮಚ ಕಟ್ಟು ಹಾಕಿ ಗಟ್ಟಿಯಾಗಿ ರುಬ್ಬಿ. ಕಲ್ಲಲ್ಲಿ ಅರೆದರೆ ಲೇಸು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ತರಿ ಉಳಿಯಲಿ. ಮೆಣಸಿನಕಾಯಿ ಪೂರ್ತಿ ಕರಕಾದರೆ ಖಾರ ಕಹಿಯಾಗುತ್ತದೆ, ಅದಕ್ಕೆ ಮದ್ದಿಲ್ಲ, ಬೇರೆ ಸುಡಬೇಕು. ಬಸಿದ ಕಾಳು, ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ಕಾಯಿತುರಿ ಕೊಟ್ಟರೆ ಪಲ್ಯ. ಮುದ್ದೆಯ ಸುತ್ತ ಕಟ್ಟು ಬಿಸಿಬಿಸಿಯಾಗಿ ಸುರಿದು, ಖಾರವನ್ನು ತಟ್ಟೆಯ ಅಂಚಿನಲ್ಲಿಟ್ಟು ಅವರವರ ನಾಲಿಗೆಗೆ ತಕ್ಕಂತೆ ಕದಡಿಕೊಳ್ಳುವುದು. ಕಟ್ಟಿಗೆ ಮೊದಲೇ ಖಾರ ಬೆರೆಸಿಟ್ಟರೆ ಮನೆಯ ಮಕ್ಕಳು ಉಪವಾಸ.

ಅದೇ ಕಟ್ಟಿಗೆ ಈರುಳ್ಳಿ, ಕಾಯಿ, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳು ರುಬ್ಬಿ ಕುದಿಸಿದರೆ ಬಸ್ಸಾರು. ಮೂರನೆಯ ರಾತ್ರಿಗೆ ಅದು.

ಉಳಿದ ಹಿದುಕಿದ ಬೇಳೆ ಸಾರು ಬೆಳಗಾಗುವಷ್ಟರಲ್ಲಿ ಗೊಜ್ಜಿನಂತೆ ಗಟ್ಟಿಯಾಗಿರುತ್ತದೆ; ಅರ್ಧ ಕಪ್ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ದೋಸೆಗೂ ಆಗುತ್ತದೆ. ಉಳಿದ ಮುದ್ದೆಯನ್ನು ಮಾತ್ರ ಮತ್ತೆ ಬಿಸಿ ಮಾಡುವ ಸಾಹಸ ಬೇಡ. ರಾತ್ರಿಯೇ ಒಂದು ಪಾತ್ರೆಯಲ್ಲಿ ಮುಳುಗುವಷ್ಟು ನೀರು ಹಾಕಿಟ್ಟು, ಬಿಸಿಲೇರಿದ ಮೇಲೆ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ.